ರಬ್ಬರ್ ಬ್ಯಾಂಡ್ ಎಳೆಯುವ ಮೊದಲು: ಒಂದು ಪೆಟ್ಟಿಗೆ ಪಂಚ್ ಕಾರ್ಡುಗಳನ್ನು ಓದಿಸಿದ ಅನುಭವ

ಮನೆಯ ಅಟ್ಟದಲ್ಲೋ ಹಳೆಯ ಕಚೇರಿಯ ದಾಖಲೆ ಕೋಣೆಯಲ್ಲೋ ಪಂಚ್ ಕಾರ್ಡುಗಳ (ಹಳೆಯ ಕಂಪ್ಯೂಟರಿಗೆ ಪ್ರೋಗ್ರಾಮನ್ನೂ ಡೇಟಾವನ್ನೂ ಕೊಡಲು ರಂಧ್ರ ಕೊರೆದ ದಪ್ಪ ಕಾಗದದ ಕಾರ್ಡುಗಳು) ಕಟ್ಟು ಸಿಕ್ಕಿದರೆ ಮೊದಲು ಮಾಡಬಾರದ ಕೆಲಸವೆಂದರೆ ಅದರ ರಬ್ಬರ್ ಬ್ಯಾಂಡ್ ಎಳೆಯುವುದು. ಐವತ್ತು ವರ್ಷ ಕಳೆದ ರಬ್ಬರ್ ಕರಗಿ ಅಂಟಾಗಿ, ಮತ್ತೆ ಒಣಗಿ, ಕಾರ್ಡಿನ ಅಂಚಿಗೆ ಕಚ್ಚಿಕೊಂಡಿರುತ್ತದೆ. ಎಳೆದರೆ ಕಾಗದದ ಸಿಪ್ಪೆಯೂ ಅದರ ಜೊತೆಗೇ ಏಳುತ್ತದೆ. ಬ್ಲೇಡಿನಿಂದ ಬ್ಯಾಂಡನ್ನು ಎರಡು ಬದಿಯಲ್ಲೂ ಕತ್ತರಿಸಿ, ಅಂಟಿದ ತುಂಡನ್ನು ಇದ್ದಲ್ಲಿಯೇ ಬಿಡಿ. ಎರಡನೆಯದು, ಕಟ್ಟು ಬಿಚ್ಚುವ ಮೊದಲು ಅದರ ನಾಲ್ಕೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಯಾಕೆಂದು ಮುಂದೆ ಹೇಳುತ್ತೇನೆ.

1974ರಲ್ಲಿ ನಾನೂ ನನ್ನ ಸಹೋದ್ಯೋಗಿಯೊಬ್ಬರೂ ಸೇರಿ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಮೊನ್ನೆ ಮತ್ತೆ ಓಡಿಸಿ ಮುಗಿಸಿದೆ. ಬೇಸಿಗೆಯಲ್ಲಿ ಕೈಹಾಕಿದ ಕೆಲಸ ದೀಪಾವಳಿ ದಾಟಿತು. ಇಂಥ ಪೆಟ್ಟಿಗೆ ಇಟ್ಟುಕೊಂಡವರು ಇನ್ನೂ ಹಲವರಿದ್ದಾರೆ ಎಂದು ನನಗೆ ಗೊತ್ತು. ನಮ್ಮ ವಯಸ್ಸಿನವರು ಸಾಮಾನು ಎಸೆಯುವ ಪೈಕಿಯಲ್ಲ. ಅವರಿಗೂ, ಅವರ ಅಟ್ಟ ಗುಡಿಸುವ ಪಾಳಿ ಬಂದಿರುವ ಮಕ್ಕಳಿಗೂ ಈ ಬರಹ.

ಪ್ರೋಗ್ರಾಮಿನ ಕೆಲಸ ಹಿನ್ನೀರಿನ ಲೆಕ್ಕ. ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದರೆ ಮೇಲ್ಭಾಗದಲ್ಲಿ ನೀರು ಎಷ್ಟು ದೂರದವರೆಗೆ, ಎಲ್ಲೆಲ್ಲಿ ಎಷ್ಟೆತ್ತರ ಏರುತ್ತದೆ ಎಂಬುದನ್ನು ಕಟ್ಟೆಯಿಂದ ಆರಂಭಿಸಿ ನದಿಯ ಒಂದೊಂದೇ ಅಡ್ಡಕೊಯ್ತದಲ್ಲಿ (ಒಂದು ದಡದಿಂದ ಇನ್ನೊಂದು ದಡಕ್ಕೆ ಅಡ್ಡಲಾಗಿ ಸೀಳಿದಂತೆ ನೋಡಿದ ತಳದ ಆಕಾರ) ಲೆಕ್ಕ ಹಾಕುತ್ತ ಹೋಗಬೇಕು. ಪ್ರತಿ ಜಾಗದಲ್ಲಿ ನೀರಿನ ಮಟ್ಟವನ್ನು ಊಹಿಸಿ, ಹರಿವಿನ ವಿಸ್ತೀರ್ಣ ಕಂಡುಹಿಡಿದು, ಮ್ಯಾನಿಂಗ್ ಸೂತ್ರದಿಂದ ಘರ್ಷಣೆಯ ನಷ್ಟ ತೆಗೆದು, ಶಕ್ತಿಯ ಲೆಕ್ಕ ತಾಳೆಯಾಗದಿದ್ದರೆ ಮತ್ತೆ ಊಹಿಸಬೇಕು. ಸ್ಲೈಡ್ ರೂಲ್ ಎಂಬ ಲೆಕ್ಕದ ಪಟ್ಟಿ ಹಿಡಿದು ಕುಳಿತರೆ ಒಂದು ಪ್ರವಾಹದ ಲೆಕ್ಕ ಮುಗಿಯುವಷ್ಟರಲ್ಲಿ ವಾರವೇ ಕಳೆಯುತ್ತಿತ್ತು. ಯಾರ ಹೊಲದ ತನಕ ನೀರು ಬರುತ್ತದೆ ಎಂಬುದು ಇದರ ಮೇಲೆ ನಿಂತಿದ್ದರಿಂದ ಅಂದಾಜಿನಲ್ಲಿ ಬಿಡುವಂತೆಯೂ ಇರಲಿಲ್ಲ.

ಆಗ ಬೆಂಗಳೂರಿನಲ್ಲಿ ಇದ್ದ ಕಂಪ್ಯೂಟರುಗಳು ಬೆರಳೆಣಿಕೆಯವು. ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, 1970ರ ಹೊತ್ತಿಗೆ ಐಬಿಎಂ 360/44 ಬಂದಿತ್ತು. ವೈಜ್ಞಾನಿಕ ಲೆಕ್ಕಕ್ಕೆಂದೇ ಮಾಡಿದ ಮಾದರಿ ಅದು. ದೊಡ್ಡ ಸಂಖ್ಯೆಗಳ ಲೆಕ್ಕದಲ್ಲಿ ಎಷ್ಟು ಅಂಕಿಗಳ ನಿಖರತೆ ಬೇಕೆಂದು ಆರಿಸಲು ಅದರ ಮುಂಭಾಗದಲ್ಲಿ ತಿರುಗಿಸುವ ಗುಂಡಿಯೊಂದಿತ್ತು. ನಿಖರತೆ ಕಡಿಮೆ ಮಾಡಿದರೆ ಲೆಕ್ಕ ಬೇಗ ಮುಗಿಯುತ್ತಿತ್ತು. ಇಷ್ಟು ಪ್ರಾಮಾಣಿಕವಾದ ಗುಂಡಿಯನ್ನು ಆಮೇಲೆ ಯಾವ ಯಂತ್ರದಲ್ಲೂ ನಾನು ಕಂಡಿಲ್ಲ. ನಮ್ಮ ಕಚೇರಿಯವರು ಹೋಗುತ್ತಿದ್ದುದು ನಗರದ ಬೇರೊಂದು ಕೇಂದ್ರಕ್ಕೆ. ಅಲ್ಲಿಯೂ 360 ಸರಣಿಯದೇ ಯಂತ್ರ.

ಹೋಗುತ್ತಿದ್ದೆವು ಎಂದರೆ ಯಂತ್ರದ ಹತ್ತಿರ ಹೋಗುತ್ತಿದ್ದೆವು ಎಂದಲ್ಲ. ಗಾಜಿನ ಗೋಡೆಯ ಆಚೆ ಯಂತ್ರ ಮತ್ತು ಆಪರೇಟರುಗಳು, ಈಚೆ ನಾವು. ಒಳಗೆ ಹೋಗುವವರು ಬಾಗಿಲಲ್ಲಿ ಚಪ್ಪಲಿ ಬಿಡಬೇಕಿತ್ತು. ಕೌಂಟರಿನ ಕಿಂಡಿಯಲ್ಲಿ ಡೆಕ್ (ಒಂದು ಕೆಲಸದ ಕಾರ್ಡುಗಳ ಕಟ್ಟು) ಒಪ್ಪಿಸುವುದಷ್ಟೇ ನಮ್ಮ ಪಾಲು. ಅದಕ್ಕೂ ಮೊದಲು ಕಾಗದಪತ್ರ: ಎಷ್ಟು ನಿಮಿಷದ ಯಂತ್ರಸಮಯ ಬೇಕು, ಎಷ್ಟು ಪುಟ ಅಚ್ಚಾಗಬಹುದು, ಯಾವ ಕಾಮಗಾರಿಯ ಲೆಕ್ಕಕ್ಕೆ ಖರ್ಚು ಹಾಕಬೇಕು ಎಂದು ಬರೆದ ನಮೂನೆ, ಅದರ ಮೇಲೆ ಕಾರ್ಯಪಾಲಕ ಎಂಜಿನಿಯರರ ಸಹಿ. ಅವರು ಪ್ರವಾಸದಲ್ಲಿದ್ದರೆ ಕೆಲಸ ನಮ್ಮ ಮೇಜಿನ ಮೇಲೆಯೇ. ಸಹಿಯಾದ ಮೇಲೆ ಕೋಡಿಂಗ್ ಶೀಟಿನಲ್ಲಿ ಪೆನ್ಸಿಲಿನಿಂದ ಒಂದು ಚೌಕಕ್ಕೆ ಒಂದು ಅಕ್ಷರದಂತೆ ಬರೆದದ್ದನ್ನು ಪಂಚಿಂಗ್ ಕೋಣೆಯ ಹುಡುಗಿಯರು ಕಾರ್ಡಿಗೆ ಇಳಿಸುತ್ತಿದ್ದರು. ಅವರ ವೇಗ ನೋಡಿದವರಿಗಷ್ಟೇ ಗೊತ್ತು. ನಮ್ಮ ಕೆಟ್ಟ ಕೈಬರಹದಲ್ಲಿ ಐ ಯಾವುದು, ಒಂದು ಯಾವುದು ಎಂದು ಕೇಳಲು ತಲೆಯೆತ್ತುತ್ತಿದ್ದುದು ಬಿಟ್ಟರೆ ಕೈ ನಿಲ್ಲುತ್ತಿರಲಿಲ್ಲ.

ಸಂಜೆ ಕೊಟ್ಟ ಡೆಕ್‌ಗೆ ಮಾರನೆಯ ದಿನ ಔಟ್‌ಪುಟ್. ಹಸಿರು ಪಟ್ಟೆಯ ಅಗಲ ಕಾಗದ, ಸಾಲಿಗೆ 132 ಅಕ್ಷರ. ಅದರಲ್ಲಿ ಒಂದು ಕಾಮಾ ಇಲ್ಲವೆಂಬ ಒಂದೇ ದೂರು ಇರಬಹುದು. ಇದನ್ನು ಕೇಳಿ ನನ್ನ ತಂಗಿಯ ಮೊಮ್ಮಗಳು, ‘ಅಜ್ಜ, ಒಂದು ಕಾಮಾಕ್ಕಾಗಿ ಇಡೀ ದಿನ ಸುಮ್ಮನೆ ಕಾಯುತ್ತಿದ್ದಿರಾ?’ ಎಂದಳು. ಸುಮ್ಮನೆ ಕಾಯುತ್ತಿರಲಿಲ್ಲ. ಪ್ರೋಗ್ರಾಮನ್ನು ನಾವೇ ಯಂತ್ರವಾಗಿ, ಕಾಗದದ ಮೇಲೆ ಒಂದೊಂದೇ ಸಾಲು ನಡೆಸಿ ನೋಡುತ್ತಿದ್ದೆವು. ಆ ಅಭ್ಯಾಸ ಈ ಸಲವೂ ಕೈಹಿಡಿಯಿತು.

ಈಗ ಪೆಟ್ಟಿಗೆಯ ವಿಷಯ. ಒಂದು ಪೂರ್ತಿ ಪೆಟ್ಟಿಗೆಯಲ್ಲಿ 2000 ಕಾರ್ಡು ಹಿಡಿಯುತ್ತವೆ. ನಮ್ಮದರಲ್ಲಿದ್ದದ್ದು ಅರ್ಧಕ್ಕಿಂತ ಕಡಿಮೆ. ಜಾಗ ಸಡಿಲವಿದ್ದುದರಿಂದಲೇ ಮಳೆಗಾಲದ ತೇವಕ್ಕೆ ಕಾರ್ಡುಗಳು ಹಪ್ಪಳದಂತೆ ಸೊಟ್ಟಗಾಗಿದ್ದವು. ಬಿಗಿಯಾಗಿ ತುಂಬಿಟ್ಟ ಕಾರ್ಡುಗಳು ಬಾಗುವುದಿಲ್ಲ. ಆದ್ದರಿಂದ ಇನ್ನೂ ಚೆನ್ನಾಗಿರುವ ಕಾರ್ಡುಗಳು ನಿಮ್ಮಲ್ಲಿದ್ದರೆ ಪೆಟ್ಟಿಗೆಯ ಖಾಲಿ ಜಾಗಕ್ಕೆ ರಟ್ಟು ತುರುಕಿ ಬಿಗಿ ಮಾಡಿ. ಬಾಗಿದವನ್ನು ಸಣ್ಣ ಸಣ್ಣ ಕಟ್ಟು ಮಾಡಿ ದಪ್ಪ ಪುಸ್ತಕಗಳ ಕೆಳಗೆ ಕೆಲವು ವಾರ ಇಟ್ಟೆ. ಇಸ್ತ್ರಿ ಪೆಟ್ಟಿಗೆಯ ಸಲಹೆ ಕೊಟ್ಟವರಿದ್ದರು, ನಾನು ಒಪ್ಪಲಿಲ್ಲ. ಬೆಳ್ಳಿಹುಳು ತಿಂದ ಕಾರ್ಡುಗಳೂ ಕೆಲವು ಇದ್ದವು. ಹುಳು ಕೊರೆದದ್ದು ಅಂಕುಡೊಂಕಾಗಿರುತ್ತದೆ, ಯಂತ್ರ ಕೊರೆದದ್ದು ನಿಂತ ಆಯತ. ಬರಿಗಣ್ಣಿಗೆ ವ್ಯತ್ಯಾಸ ಸ್ಪಷ್ಟ, ಕ್ಯಾಮೆರಾಗೆ ಅಷ್ಟು ಸ್ಪಷ್ಟವಲ್ಲ.

ಬದಿಯ ಫೋಟೋ ಯಾಕೆ ಎಂದರೆ, ಆ ಕಾಲದಲ್ಲಿ ಡೆಕ್ಕಿನ ಮೇಲಂಚಿಗೆ ಪೆನ್ನಿನಿಂದ ಓರೆ ಗೆರೆ ಎಳೆಯುತ್ತಿದ್ದೆವು. ಕಾರ್ಡು ಕೈಜಾರಿ ನೆಲಕ್ಕೆ ಚೆಲ್ಲಿದರೆ ಆ ಗೆರೆ ಮತ್ತೆ ಓರೆಯಾಗಿ ಕೂಡುವವರೆಗೆ ಜೋಡಿಸಿದರೆ ಸರಿ. ಶಿಸ್ತಿನವರು 73ರಿಂದ 80ರವರೆಗಿನ ಕಾಲಮ್ಮುಗಳಲ್ಲಿ ಕ್ರಮಸಂಖ್ಯೆ ಪಂಚ್ ಮಾಡಿಸುತ್ತಿದ್ದರು. ಫೋರ್ಟ್ರಾನ್ ಆ ಎಂಟು ಕಾಲಮ್ಮುಗಳನ್ನು ಓದುವುದಿಲ್ಲ. ನಮ್ಮ ಡೆಕ್ಕಿನಲ್ಲಿ ಕ್ರಮಸಂಖ್ಯೆ ಅರ್ಧದವರೆಗೆ ಮಾತ್ರ ಇತ್ತು, ಮುಂದಿನದಕ್ಕೆ ಮಾಸಿದ ನೀಲಿ ಗೆರೆಯೇ ಗತಿ. ಬಿಚ್ಚಿದ ಮೇಲೆ ಒಂದು ಕಟ್ಟು ಕಲೆತುಹೋದಾಗ ಆ ಫೋಟೋ ನೋಡಿಯೇ ಸರಿ ಮಾಡಿದ್ದು.

ಕಾರ್ಡು ಓದುವ ಯಂತ್ರ ಎಲ್ಲಾದರೂ ಸಿಗುತ್ತದೆಯೇ ಎಂದು ಬಹಳ ಕಡೆ ಕೇಳಿದೆ. ಒಂದು ಸಂಸ್ಥೆಯಲ್ಲಿ ಇತ್ತು, ಗಾಜಿನ ಪೆಟ್ಟಿಗೆಯೊಳಗೆ ಪ್ರದರ್ಶನಕ್ಕೆ. ಮೋಟಾರ್ ಇಲ್ಲ, ಬೆಲ್ಟ್ ಇಲ್ಲ, ಮುಟ್ಟಲು ಅನುಮತಿಯೂ ಇಲ್ಲ. ಅನುಮತಿ ಇಲ್ಲ ಎಂಬುದನ್ನು ತಿಳಿಸುವ ಪತ್ರಕ್ಕೆ ಒಂದು ತಿಂಗಳು ಕಾದೆ. ಐಬಿಎಂ 1978ರಲ್ಲಿ ದೇಶ ಬಿಟ್ಟಿತು, ಅದರ ಯಂತ್ರಗಳ ನಿರ್ವಹಣೆಯನ್ನು ಸಿಎಂಸಿ ಎಂಬ ಸರ್ಕಾರಿ ಕಂಪನಿ ನೋಡಿಕೊಂಡಿತು. ಎಂಬತ್ತರ ದಶಕದಲ್ಲಿ ಪರದೆ, ಕೀಲಿಮಣೆಯ ಟರ್ಮಿನಲ್‌ಗಳು ಬಂದ ಮೇಲೆ ಕಾರ್ಡು ಓದುಗಗಳನ್ನು ತೂಕಕ್ಕೆ ಹಾಕಿದ್ದನ್ನು ನಾನೇ ನೋಡಿದ್ದೇನೆ. ಹೊರದೇಶಗಳಲ್ಲಿ ಹವ್ಯಾಸಕ್ಕಾಗಿ ಕಾರ್ಡು ಓದಿಕೊಡುವವರಿದ್ದಾರೆ. ಕೊರಿಯರ್ ದರ ವಿಚಾರಿಸಿ, ‘ಸಾಮಾನಿನ ಮೌಲ್ಯ’ ಎಂಬ ಕಾಲಮ್ಮಿನಲ್ಲಿ ಏನು ಬರೆಯುವುದೆಂದು ತಿಳಿಯದೆ ಅದನ್ನು ಅಲ್ಲಿಗೇ ಬಿಟ್ಟೆ. ನೀವು ಈ ಹಂತದಲ್ಲಿ ಕಾಲ ಕಳೆಯಬೇಡಿ. ಮನೆಯಲ್ಲಿಯೇ ಆಗುವ ಕೆಲಸ ಇದು.

ಬೇಕಾದದ್ದು ಚಿತ್ರ ನಕಲಿಸಲು ಮಕ್ಕಳು ಬಳಸುವ ಎಲ್‌ಇಡಿ ಬೆಳಕಿನ ಹಲಗೆ, ಒಂದು ಮೊಬೈಲ್, ಅದನ್ನು ನೇರ ಮೇಲೆ ಅಲುಗದಂತೆ ಹಿಡಿಯುವ ಸ್ಟ್ಯಾಂಡು. ಕಾರ್ಡಿನ ಅಳತೆ ಸುಮಾರು 187 ಮಿಲಿಮೀಟರ್ ಉದ್ದ, 83 ಮಿಲಿಮೀಟರ್ ಅಗಲ. ಅದು ಸರಿಯಾಗಿ ಕೂರುವಂತೆ ಹಲಗೆಯ ಮೇಲೆ ರಟ್ಟಿನ ಚೌಕಟ್ಟು ಅಂಟಿಸಿದೆವು. ಕೆಳಗಿನಿಂದ ಬೆಳಕು ಬಂದರೆ ರಂಧ್ರಗಳು ಬಿಳಿ ಚುಕ್ಕಿಗಳಾಗಿ ಕಾಣುತ್ತವೆ. ಕಾರ್ಡಿನ ಮೇಲ್ಭಾಗದ ಒಂದು ಮೂಲೆ ಓರೆಯಾಗಿ ಕತ್ತರಿಸಿರುತ್ತದೆ, ಅದು ಪ್ರತಿ ಸಲ ಒಂದೇ ಕಡೆ ಇರಲಿ. ತಂಗಿಯ ಮೊಮ್ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಫೋಟೋದ ಮೇಲೆ 80 ಕಾಲಮ್, 12 ಸಾಲಿನ ಜಾಲ ಹಾಸಿ ಎಲ್ಲಿ ಬೆಳಕಿದೆ ಎಂದು ನೋಡುವ ಸ್ಕ್ರಿಪ್ಟನ್ನು (ಸಣ್ಣ ಪ್ರೋಗ್ರಾಮನ್ನು) ಅವಳು ಪೈಥಾನ್ ಭಾಷೆಯಲ್ಲಿ ಬರೆದಳು. ಹಗಲಿನಲ್ಲಿ ಕಿಟಕಿಯ ಬೆಳಕು ತೊಂದರೆ ಕೊಡುತ್ತದೆ. ಪರದೆ ಎಳೆದು, ಫ್ಯಾನ್ ಆರಿಸಿ ಕೂರಬೇಕು. ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಆರಿಸಿ ಕುಳಿತ ಆ ಮಧ್ಯಾಹ್ನಗಳಲ್ಲಿ ಯಂತ್ರದ ಕೋಣೆಯ ಹವಾನಿಯಂತ್ರಣ ಎಷ್ಟು ಸಲ ನೆನಪಾಯಿತೋ.

ಕಾರ್ಡಿನ ಮೇಲಂಚಿನಲ್ಲಿ ಅಕ್ಷರಗಳು ಅಚ್ಚಾಗಿರುತ್ತವಲ್ಲ, ಅವನ್ನೇ ನೋಡಿ ಬೆರಳಚ್ಚು ಮಾಡಿದರಾಯಿತು ಎಂದು ನಿಮಗೆ ಅನ್ನಿಸಬಹುದು. ಸಣ್ಣ ಡೆಕ್ ಆದರೆ ಮಾಡಿ. ಆದರೆ ಅಚ್ಚಿನ ರಿಬ್ಬನ್ ಸವೆದಿದ್ದರೆ ಸೊನ್ನೆಗೂ ಓ ಅಕ್ಷರಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಜೊತೆಗೆ, ಒಂದು ಡೆಕ್ಕಿನಿಂದ ಇನ್ನೊಂದನ್ನು ಯಂತ್ರದಲ್ಲಿ ನಕಲು ತೆಗೆಸಿದ ಕಾರ್ಡುಗಳಲ್ಲಿ ರಂಧ್ರ ಮಾತ್ರ ಇದ್ದು ಅಚ್ಚೇ ಇಲ್ಲದಿರಬಹುದು. ನಮ್ಮ ಡೇಟಾ ಕಾರ್ಡುಗಳೆಲ್ಲ ಹಾಗೆಯೇ ಇದ್ದವು. ರಂಧ್ರ ಓದುವುದನ್ನು ಕಲಿಯಿರಿ, ಒಂದು ಸಂಜೆಯ ಕೆಲಸ. ಮೇಲಿನ ಸಾಲು 12, ಅದರ ಕೆಳಗಿನದು 11, ಆಮೇಲೆ ಸೊನ್ನೆಯಿಂದ 9. ಅಂಕಿಗೆ ಒಂದೇ ರಂಧ್ರ. ಎ ಯಿಂದ ಐ ವರೆಗೆ 12ನೆಯ ಸಾಲಿನ ಜೊತೆ 1ರಿಂದ 9. ಜೆ ಯಿಂದ ಆರ್ ವರೆಗೆ 11ರ ಜೊತೆ 1ರಿಂದ 9. ಎಸ್‌ನಿಂದ ಝಡ್ ವರೆಗೆ ಸೊನ್ನೆಯ ಜೊತೆ 2ರಿಂದ 9. ಹಾಗಾಗಿ ಓ ಅಕ್ಷರಕ್ಕೆ 11 ಮತ್ತು 6, ಸೊನ್ನೆಗೆ ಸೊನ್ನೆಯ ಸಾಲು ಮಾತ್ರ. ಗೊಂದಲಕ್ಕೆ ಜಾಗವೇ ಇಲ್ಲ. ಸ್ಕ್ರಿಪ್ಟ್ ಅನುಮಾನ ಪಟ್ಟ ಕಾರ್ಡುಗಳನ್ನು ನಾನು ಬೆಳಕಿಗೆ ಹಿಡಿದು ಓದಿ ಹೇಳುತ್ತಿದ್ದೆ. ಬೆರಳುಗಳು ಮರೆತಿರಲಿಲ್ಲ.

ಮೊದಲ ಕಾಲಮ್ಮಿನಲ್ಲಿಯೇ 12, 2, 9 ಹೀಗೆ ಮೂರು ರಂಧ್ರಗಳಿದ್ದು, ಮುಂದೆ ಅರ್ಥವಿಲ್ಲದಂತೆ ರಂಧ್ರಗಳು ಕಿಕ್ಕಿರಿದಿದ್ದರೆ ಅದು ಕಂಪೈಲರ್ (ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಹೊರಹಾಕಿದ ಆಬ್ಜೆಕ್ಟ್ ಕಾರ್ಡು. ಅದನ್ನು ಅಕ್ಷರವಾಗಿ ಓದಲು ಹೋಗಿ ತಲೆ ಕೆಡಿಸಿಕೊಳ್ಳಬೇಡಿ. ಮೂಲ ಪ್ರೋಗ್ರಾಮ್ ನಿಮ್ಮ ಹತ್ತಿರ ಇದ್ದರೆ ಅದನ್ನು ಪಕ್ಕಕ್ಕಿಡಿ.

ಕಾರ್ಡುಗಳೆಲ್ಲ ಓದಿಯಾದ ಮೇಲೆ ಎದುರಾದ ಅಡ್ಡಿಯನ್ನು ನಾನು ನಿರೀಕ್ಷಿಸಿರಲಿಲ್ಲ. ಮುಖ್ಯ ಪ್ರೋಗ್ರಾಮಿನಲ್ಲಿ ( ಇರಬೇಕಾದ ಕಡೆಯಲ್ಲೆಲ್ಲ %, ) ಇರಬೇಕಾದ ಕಡೆ <, = ಬದಲು #, + ಬದಲು &. ಮುಖ್ಯ ಪ್ರೋಗ್ರಾಮ್ ಕರೆದು ಬಳಸುವ ಸಬ್‌ರೂಟೀನುಗಳಲ್ಲಿ ಮಾತ್ರ ಎಲ್ಲ ಸರಿ. ಮೊಮ್ಮಗಳು ತನ್ನ ಸ್ಕ್ರಿಪ್ಟನ್ನು ಎರಡು ದಿನ ತಿರುವಿ ಹಾಕಿದಳು. ಮೂರನೆಯ ದಿನ ಕಾರಣ ಹೊಳೆಯಿತು. ಪಂಚಿಂಗ್ ಕೋಣೆಯಲ್ಲಿ ಎರಡು ಬಗೆಯ ಯಂತ್ರಗಳಿದ್ದವು: 360ರ ಜೊತೆಗೆ 1964ರಲ್ಲಿ ಬಂದ 029 ಮತ್ತು ಅದಕ್ಕಿಂತ ಹಳೆಯ 026. ಅಕ್ಷರ, ಅಂಕಿಗಳಿಗೆ ಎರಡರಲ್ಲೂ ಒಂದೇ ಸಂಕೇತ. ಚಿಹ್ನೆಗಳಲ್ಲಿ ಮಾತ್ರ ಬೇರೆ. ಎಡ ಆವರಣಕ್ಕೆ 026 ಹಾಕುವ 0-4-8 ರಂಧ್ರಗಳು 029ರ ಲೆಕ್ಕದಲ್ಲಿ ಶೇಕಡಾ ಚಿಹ್ನೆ. ಹೊಸ ಯಂತ್ರ ಖಾಲಿ ಇಲ್ಲದ ದಿನ ನಮ್ಮ ಮುಖ್ಯ ಪ್ರೋಗ್ರಾಮ್ ಹಳೆಯದರ ಪಾಲಾಗಿತ್ತು. ಅಂದು ಎರಡು ಭಾಗಗಳನ್ನೂ ಬೇರೆ ಬೇರೆ ಕಂಪೈಲ್ ಮಾಡಿಸಿ ಜೋಡಿಸುತ್ತಿದ್ದೆವು ಎಂಬುದೂ ಆಗ ನೆನಪಾಯಿತು. ನಿಮ್ಮ ಡೆಕ್ ಇಡಿಯಾಗಿ 026ರದ್ದಾಗಿದ್ದರೆ ಏನನ್ನೂ ತಿದ್ದಬೇಕಿಲ್ಲ. ಫೋರ್ಟ್ರಾನ್ ಜಿ ಕಂಪೈಲರಿಗೆ ಬಿಸಿಡಿ ಎಂಬ ಆಯ್ಕೆ ಕೊಟ್ಟರೆ ಅದೇ ಅರ್ಥಮಾಡಿಕೊಳ್ಳುತ್ತದೆ. ಬೆರಕೆ ಡೆಕ್ ಆದ್ದರಿಂದ ನಾವು ಸ್ಕ್ರಿಪ್ಟಿನಲ್ಲಿಯೇ ಬದಲಿಸಿಕೊಂಡೆವು.

ಇಷ್ಟಾದ ಮೇಲೆ ಇಂದಿನ ಜಿಫೋರ್ಟ್ರಾನ್ ಕಂಪೈಲರಿಗೆ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಬೇಡವೆಂದದ್ದಕ್ಕೆ ಕಾರಣಗಳಿವೆ. ಅಂದಿನ ಕಂಪೈಲರಿನಲ್ಲಿ ಡೂ ಲೂಪ್ (ಕೆಲವು ಸಾಲುಗಳನ್ನು ಎಣಿಸಿದಷ್ಟು ಸಲ ಮತ್ತೆ ಮತ್ತೆ ನಡೆಸುವ ಸುತ್ತು) ಕಡೇಪಕ್ಷ ಒಂದು ಸಲ ನಡೆದೇ ತೀರುತ್ತಿತ್ತು. ಇಂದಿನದರಲ್ಲಿ ಎಣಿಕೆ ಸೊನ್ನೆಯಾದರೆ ಲೂಪಿನೊಳಗೆ ಹೋಗುವುದೇ ಇಲ್ಲ. ಹಳೆಯ ಪ್ರೋಗ್ರಾಮುಗಳು ಆ ಒಂದು ಸುತ್ತನ್ನು ನಂಬಿಕೊಂಡಿರುವುದುಂಟು, ನಮ್ಮದೂ ಒಂದು ಕಡೆ ನಂಬಿತ್ತು. ಎರಡನೆಯದು ಸಂಖ್ಯೆಗಳದ್ದು. 360 ಯಂತ್ರ ದಶಮಾಂಶವಿರುವ ಸಂಖ್ಯೆಗಳನ್ನು 16ರ ಘಾತಗಳಲ್ಲಿ ಇಡುತ್ತಿತ್ತು. ಸಾಮಾನ್ಯ ನಿಖರತೆಯ ಸಂಖ್ಯೆಗೆ 24 ಬಿಟ್ ಇದ್ದರೂ ಅದರ ಮೊದಲ ಮೂರು ಬಿಟ್‌ಗಳು ಎಷ್ಟೋ ಸಲ ಸೊನ್ನೆಯಾಗಿ ವ್ಯರ್ಥ. ಮಿಕ್ಕಿದ್ದನ್ನು ದುಂಡಾಗಿಸದೆ ಕತ್ತರಿಸಿಬಿಡುತ್ತಿತ್ತು. ಅಂದಿನ ಉತ್ತರ ಕೊನೆಯ ಅಂಕಿಯವರೆಗೆ ಬೇಕಾದರೆ ಅಂದಿನ ಯಂತ್ರದ ಲೆಕ್ಕವೇ ಬೇಕು. ನನ್ನ ಹತ್ತಿರ ಅಂದಿನ ಔಟ್‌ಪುಟ್‌ನ ಕೆಲವು ಪುಟಗಳಿದ್ದವು, ಪೆಟ್ಟಿಗೆಯ ಅಡಿಗೆ ಹಾಸಿಕೊಂಡು. ತಾಳೆ ನೋಡಬೇಕೆಂಬ ಹಟ ಹುಟ್ಟಿದ್ದು ಅವನ್ನು ಕಂಡ ಮೇಲೆ.

ಅಂದಿನ ಯಂತ್ರ ಇಂದು ಲ್ಯಾಪ್‌ಟಾಪಿನೊಳಗೆ ಸಿಗುತ್ತದೆ. ರೋಜರ್ ಬೌಲರ್ ಎಂಬವರು 1999ರಲ್ಲಿ ಹೊರತಂದ ಹರ್ಕ್ಯುಲಿಸ್ ಎಂಬ ಎಮ್ಯುಲೇಟರ್, 360ರ ಪ್ರೋಗ್ರಾಮುಗಳನ್ನೂ ನಡೆಸಬಲ್ಲ ಐಬಿಎಂ 370 ಮತ್ತು ಅದರ ಮುಂದಿನ ಯಂತ್ರಗಳನ್ನು ಅನುಕರಿಸುತ್ತದೆ. ಅದರ ಮೇಲೆ ನಡೆಯಲು ಎಂವಿಎಸ್ 3.8ಜೆ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ, ಎಲ್ಲ ಸಿದ್ಧಪಡಿಸಿದ ಕಟ್ಟಾಗಿ ಟಿಕೆ4- ಎಂಬ ಹೆಸರಿನಲ್ಲಿ ಉಚಿತವಾಗಿ ದೊರೆಯುತ್ತದೆ. ಫೋರ್ಟ್ರಾನ್ ಕಂಪೈಲರೂ ಅದರೊಳಗೇ ಇದೆ. ಇಳಿಸಿಕೊಂಡು ಬಿಚ್ಚಿದರೆ ಸಾಕು, ಹಳೆಯ ಲ್ಯಾಪ್‌ಟಾಪಿನಲ್ಲೂ ಸಲೀಸಾಗಿ ನಡೆಯುತ್ತದೆ. ಕನ್ಸೋಲ್ ಸಂದೇಶಗಳು ಪರದೆಯ ಮೇಲೆ ಸರಸರನೆ ಏರತೊಡಗಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಗಾಜಿನ ಗೋಡೆಯ ಆಚೆಗೆ, ಆಪರೇಟರ್ ಆಗಿ, ಇದೇ ಮೊದಲ ಸಲ ಹೋದದ್ದು. ‘ಚಪ್ಪಲಿ ಬಿಟ್ಟು ಬನ್ನಿ ಅಜ್ಜ’ ಎಂದಳು ಮೊಮ್ಮಗಳು.

ನಿಮ್ಮ ಡೆಕ್ಕಿನ ಮುಂದೆ ಇರುವ, ಯಂತ್ರಕ್ಕೆ ಏನು ಮಾಡಬೇಕೆಂದು ಹೇಳುವ ನಿಯಂತ್ರಣ ಕಾರ್ಡುಗಳು ಇಲ್ಲಿ ಉಪಯೋಗಕ್ಕೆ ಬರುವುದು ಕಷ್ಟ. ಪ್ರತಿ ಕೇಂದ್ರಕ್ಕೂ ಅದರದೇ ಲೆಕ್ಕದ ಸಂಖ್ಯೆ, ಅದರದೇ ಪದ್ಧತಿ ಇತ್ತು. ಅವನ್ನು ನೆನಪಿಗೆ ಇಟ್ಟುಕೊಂಡು ಹೊಸದಾಗಿ ಬರೆಯಿರಿ: ಮೊದಲು ಕೆಲಸದ ಹೆಸರು ಹೇಳುವ ಜಾಬ್ ಕಾರ್ಡು, ಆಮೇಲೆ ಫೋರ್ಟ್‌ಜಿಸಿಎಲ್‌ಜಿ ಎಂಬ ಪ್ರೊಸೀಜರನ್ನು ಕರೆಯುವ ಕಾರ್ಡು, ಪ್ರೋಗ್ರಾಮಿಗೊಂದು ಮತ್ತು ಡೇಟಾಕ್ಕೊಂದು ಡಿಡಿ ಕಾರ್ಡು (ಅವು ಎಲ್ಲಿವೆ ಎಂದು ತಿಳಿಸುವುದು). ಕಂಪೈಲ್, ಲಿಂಕ್, ಓಟ ಮೂರನ್ನೂ ಆ ಪ್ರೊಸೀಜರ್ ಒಂದರ ಹಿಂದೊಂದು ಮಾಡುತ್ತದೆ. ಪ್ರೋಗ್ರಾಮಿನಲ್ಲಿ ಓದಲು 5, ಬರೆಯಲು 6 ಎಂಬ ಘಟಕಸಂಖ್ಯೆ ಇದ್ದರೆ ಬೇರೇನೂ ಬೇಡ. ಬೇರೆ ಸಂಖ್ಯೆ ಇದ್ದರೆ ಅದಕ್ಕೊಂದು ಡಿಡಿ ಕಾರ್ಡು ಸೇರಿಸಬೇಕು. ಕಡತದಲ್ಲಿ ಟ್ಯಾಬ್ ಇರಕೂಡದು, ಬರೀ ಖಾಲಿ ಸ್ಥಳಗಳಿರಬೇಕು. ಒಂದರಿಂದ ಐದು ಕಾಲಮ್ ಹೇಳಿಕೆಯ ಸಂಖ್ಯೆಗೆ, ಆರನೆಯದು ಹಿಂದಿನ ಸಾಲು ಮುಂದುವರಿದಿದೆ ಎಂದು ಸೂಚಿಸಲು, ಏಳರಿಂದ 72 ಹೇಳಿಕೆಗೆ. ಇಂದಿನ ಕೆಲವು ಎಡಿಟರುಗಳು ಸಾಲಿನ ಕೊನೆಯ ಖಾಲಿ ಸ್ಥಳಗಳನ್ನು ಸದ್ದಿಲ್ಲದೆ ಅಳಿಸುತ್ತವೆ. ಆ ಸೌಲಭ್ಯವನ್ನು ಮೊದಲು ಆಫ್ ಮಾಡಿ. ಸಿದ್ಧವಾದ ಕಡತವನ್ನು 3505 ಎಂಬ ಪೋರ್ಟಿಗೆ (ಎಮ್ಯುಲೇಟರಿನೊಳಗೆ ಹೋಗುವ ಜಾಲದ ಬಾಗಿಲಿಗೆ) ಕಳುಹಿಸಿದರೆ ಎಮ್ಯುಲೇಟರ್ ಅದನ್ನು ಕಾರ್ಡು ಓದುಗಕ್ಕೆ ಹಾಕಿದ ಡೆಕ್ ಎಂದೇ ತಿಳಿಯುತ್ತದೆ. ಐಬಿಎಂನ ಒಂದು ಕಾರ್ಡು ಓದುಗದ ಮಾದರಿ ಸಂಖ್ಯೆಯೂ 3505. ಪೋರ್ಟಿಗೆ ಆ ಸಂಖ್ಯೆ ಕೊಟ್ಟವರ ರಸಿಕತೆಗೆ ನಮಸ್ಕಾರ.

ಔಟ್‌ಪುಟ್ ಪ್ರಿಂಟರಿನ ಕಡತದಲ್ಲಿ ಬಂದು ಬೀಳುತ್ತದೆ. ಪ್ರೋಗ್ರಾಮ್ ಬರೆಯುವ ಪ್ರತಿ ಸಾಲಿನ ಮೊದಲ ಅಕ್ಷರ ಪ್ರಿಂಟರಿಗೆ ಕೊಟ್ಟ ಆಜ್ಞೆ ಎಂಬುದು ತಿಳಿದಿರಲಿ: 1 ಎಂದರೆ ಹೊಸ ಪುಟ, ಸೊನ್ನೆ ಎಂದರೆ ಒಂದು ಸಾಲು ಬಿಟ್ಟು, + ಎಂದರೆ ಹಿಂದಿನ ಸಾಲಿನ ಮೇಲೆಯೇ. ಅಚ್ಚಾಗುವ ಸಾಲಿನ ರೂಪ ತಿಳಿಸುವ ಹಳೆಯ ಫಾರ್ಮ್ಯಾಟ್ ಹೇಳಿಕೆಗಳಲ್ಲಿ ಕಾರಣವಿಲ್ಲದೆ ನಿಂತಂತೆ ಕಾಣುವ 1, 0 ಇವೇ. ಅನಾವಶ್ಯಕವೆಂದು ತೆಗೆದುಹಾಕಬೇಡಿ.

ಮೊದಲ ಓಟ. ಕೀ ಒತ್ತಿದ ಬೆರಳು ಮೇಲೇಳುವಷ್ಟರಲ್ಲಿ ಮುಗಿದಿತ್ತು. ಇದಕ್ಕೆ ನನ್ನ ಮನಸ್ಸು ಸಿದ್ಧವಿರಲಿಲ್ಲ. ಕಾಯುವ ಹೊತ್ತಿನಲ್ಲಿ ಕಾಫಿ ಕುಡಿಯಬೇಕೆಂದು ಒಲೆಯ ಮೇಲೆ ಹಾಲು ಇಟ್ಟು ಬಂದಿದ್ದೆ. ಕಂಪೈಲ್ ದೂರಿಲ್ಲದೆ ಆಗಿತ್ತು, ಓಟ ಮಾತ್ರ ನಡುವೆ ನಿಂತಿತ್ತು: ಐಎಚ್‌ಸಿ217ಐ. ಈ ಸಂದೇಶ ಕಂಡು ಅಂದು ಎಷ್ಟು ಜನ ಹಣೆ ಚಚ್ಚಿಕೊಂಡಿದ್ದಾರೋ. ಪ್ರೋಗ್ರಾಮ್ ಇನ್ನೊಂದು ಕಾರ್ಡು ಕೇಳುತ್ತಿದೆ, ಡೇಟಾ ಮುಗಿದುಹೋಗಿದೆ ಎಂದರ್ಥ. ಹಾಗಾದರೆ ಒಂದು ಕಾರ್ಡು ಎಲ್ಲೋ ಕಳೆದಿದೆ. ಪ್ರತಿ ಅಡ್ಡಕೊಯ್ತದ ಮೊದಲ ಕಾರ್ಡಿನಲ್ಲಿ ಮುಂದೆ ಎಷ್ಟು ಬಿಂದುಗಳಿವೆ ಎಂಬ ಎಣಿಕೆ ಇರುತ್ತದೆ. ಪೆನ್ಸಿಲ್ ಹಿಡಿದು, ಹಳೆಯ ರೀತಿಯಲ್ಲಿ, ನಾನೇ ಯಂತ್ರವಾಗಿ ಒಂದೊಂದನ್ನೂ ಎಣಿಸುತ್ತ ಹೋದೆ. ಒಂದು ಅಡ್ಡಕೊಯ್ತದಲ್ಲಿ ನದಿಯ ತಳ ಒಮ್ಮೆಗೇ ದಡಕ್ಕೆ ನೆಗೆದಿತ್ತು. ಪೆಟ್ಟಿಗೆಗೆ ಹಿಂತಿರುಗಿ ನೋಡಿದರೆ, ಕರಗಿದ ರಬ್ಬರ್ ಎರಡು ಕಾರ್ಡುಗಳನ್ನು ಒಂದೇ ಎಂಬಂತೆ ಅಂಟಿಸಿತ್ತು. ಒಂದರ ಮೇಲೊಂದಿದ್ದರೆ ಎರಡರಲ್ಲೂ ರಂಧ್ರವಿರುವ ಕಡೆ ಮಾತ್ರ ಬೆಳಕು ಬರುತ್ತದೆ, ಅದನ್ನು ಸ್ಕ್ರಿಪ್ಟ್ ಸವೆದ ಕಾರ್ಡೆಂದು ತಿಳಿದು ತನಗೆ ತೋಚಿದಂತೆ ಓದಿತ್ತು. ಕಾರ್ಡುಗಳನ್ನು ಫೋಟೋ ತೆಗೆಯುವ ಮೊದಲು ಅಂಚು ಮುಟ್ಟಿ ದಪ್ಪ ನೋಡಿ. ಅಂಟಿದವನ್ನು ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ ತೂರಿಸಿ ನಿಧಾನವಾಗಿ ಬಿಡಿಸಬಹುದು.

ಮುಂದಿನ ಓಟ ಕೊನೆಯವರೆಗೆ ನಡೆಯಿತು. ಹಳೆಯ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಕಟ್ಟೆಯ ಬುಡದಲ್ಲಿ ಮಟ್ಟ ಸರಿ, ಮೇಲಕ್ಕೆ ಹೋದಂತೆ ವ್ಯತ್ಯಾಸ. ಕೊನೆಯ ಅಂಕಿಯ ವ್ಯತ್ಯಾಸವಲ್ಲ, ಅಡಿಗಟ್ಟಲೆ. ನಮ್ಮ ಲೆಕ್ಕವೆಲ್ಲ ಅಡಿ ಮತ್ತು ಕ್ಯೂಸೆಕ್‌ನಲ್ಲಿತ್ತು, ಮ್ಯಾನಿಂಗ್ ಸೂತ್ರದ 1.486 ಎಂಬ ಸ್ಥಿರಾಂಕವೇ ಅದಕ್ಕೆ ಸಾಕ್ಷಿ. ಘಟಕಗಳ ಗೊಂದಲವಲ್ಲ ಎಂದಾಯಿತು. ಆ ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಪ್ರೋಗ್ರಾಮಿನ ಸಾಲುಗಳನ್ನೆಲ್ಲ ಮತ್ತೆ ನಡೆಸಿ ನೋಡಿದೆ, ಎಲ್ಲ ಸರಿ ಇದೆ. ಕಡೆಗೆ ಬೆಳಕಿನ ಹಲಗೆಯ ಮೇಲೆ ಔಟ್‌ಪುಟ್ ಕಾಗದವನ್ನೇ ಇಟ್ಟಾಗ ಅಂಚಿನಲ್ಲಿ ಮಾಸಿದ ಪೆನ್ಸಿಲ್ ಬರಹ ಎದ್ದು ಬಂತು. ಸಹೋದ್ಯೋಗಿಯ ಅಕ್ಷರ: ‘ಎನ್ 0.035 ಹಾಕಿ ನೋಡಿದ್ದು. ದಡದಲ್ಲಿ ಪೊದೆ ಇದೆ.’ ಎನ್ ಎಂದರೆ ನದಿಯ ತಳದ ಒರಟುತನ. ನಮ್ಮ ಡೆಕ್ಕಿನ ಕಾರ್ಡಿನಲ್ಲಿದ್ದದ್ದು 0.030. ಅವರು ಒಂದು ಕಾರ್ಡನ್ನು ಬದಲಿಸಿ ಓಡಿಸಿ, ಆಮೇಲೆ ಹಳೆಯ ಕಾರ್ಡನ್ನೇ ಡೆಕ್ಕಿಗೆ ಮರಳಿಸಿದ್ದರು. ಅವರು ತೀರಿಕೊಂಡು ಬಹಳ ವರ್ಷಗಳಾದವು. ಆ ಕಾಗದದ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮೊಮ್ಮಗಳು ಏನೂ ಕೇಳದೆ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದಳು.

0.035 ಹಾಕಿದೆವು. ಉಳಿದಿದ್ದ ಪುಟಗಳಲ್ಲಿನ ಪ್ರತಿ ಅಂಕಿ, ಕೊನೆಯ ದಶಮಾಂಶದವರೆಗೆ, ತಾಳೆಯಾಯಿತು. ಕುತೂಹಲಕ್ಕೆ ಅದೇ ಪ್ರೋಗ್ರಾಮನ್ನು, ಆ ಡೂ ಲೂಪನ್ನು ತಿದ್ದಿ, ಜಿಫೋರ್ಟ್ರಾನಿನಲ್ಲಿ ಓಡಿಸಿದಾಗ ಕೊನೆಯ ಒಂದೆರಡು ಅಂಕಿಗಳು ಬೇರೆ ಬಂದವು. ಎಂಜಿನಿಯರಿಗೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ. ನನಗಿತ್ತು.

ಖರ್ಚಿನ ವಿಷಯ ಕೇಳುವವರಿಗೆ: ಬೆಳಕಿನ ಹಲಗೆ ಸಾವಿರ ರೂಪಾಯಿಯೊಳಗೆ, ಮೊಬೈಲ್ ಸ್ಟ್ಯಾಂಡು ಅದಕ್ಕಿಂತ ಕಡಿಮೆ, ಸಾಫ್ಟ್‌ವೇರ್ ಎಲ್ಲ ಉಚಿತ. ಆಮ್ಲರಹಿತ ಕಾಗದದ ಪೆಟ್ಟಿಗೆಗೆ ಮಾತ್ರ ಸ್ವಲ್ಪ ಹೆಚ್ಚು ಕೊಟ್ಟೆ. ಅದು ಬೇಡವಾದರೆ ಗಟ್ಟಿ ರಟ್ಟಿನ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಸಾಕು. ನುಸಿಗುಳಿಗೆ ಹಾಕಬೇಡಿ, ವಾಸನೆ ಕಾರ್ಡಿಗೆ ಹತ್ತಿ ಆಮೇಲೆ ಕೆಲಸ ಮಾಡಲು ಕೂರುವವರಿಗೆ ತಲೆನೋವು. ನಿಜವಾಗಿ ಖರ್ಚಾಗುವುದು ಕಣ್ಣು ಮತ್ತು ಸೊಂಟ. ಒಂದೇ ದಿನ ನೂರಕ್ಕಿಂತ ಹೆಚ್ಚು ಕಾರ್ಡು ಮುಟ್ಟಬೇಡಿ, ಆಮೇಲಿನವು ತಪ್ಪಾಗತೊಡಗುತ್ತವೆ.

ಒಂದು ಬಿನ್ನಹ. ಕಾರ್ಡುಗಳಿದ್ದರೂ ಔಟ್‌ಪುಟ್ ಕಾಗದವನ್ನು ರದ್ದಿಗೆ ಹಾಕಬೇಡಿ. ನಮ್ಮ ಮನೆಗಳಲ್ಲಿ ಮಕ್ಕಳ ಪುಸ್ತಕಕ್ಕೆ ಹೊದಿಕೆಯಾಗಿ, ಕಾರ್ಡುಗಳ ಬೆನ್ನು ದಿನಸಿ ಚೀಟಿಯಾಗಿ ಎಷ್ಟು ಹೋಯಿತೋ ಲೆಕ್ಕವಿಲ್ಲ. ಡೆಕ್ ಸರಿಯಾಗಿ ಓದಿದ್ದೇವೆ ಎಂಬುದಕ್ಕೆ ಬೇರೆ ಪುರಾವೆ ಇರುವುದಿಲ್ಲ. ಪುಟದ ಹಿಂಬದಿಯನ್ನೂ ಅಂಚನ್ನೂ ಓರೆ ಬೆಳಕಿನಲ್ಲಿ ಒಮ್ಮೆ ನೋಡಿ.

ಈ ಸುದ್ದಿ ಹರಡಿ, ನಿವೃತ್ತ ಗೆಳೆಯರೊಬ್ಬರು ತಮ್ಮ ಮನೆಯ ಕಾರ್ಡಿನ ಪೆಟ್ಟಿಗೆಯನ್ನು ತಂದು ನಮ್ಮ ಜಗುಲಿಯಲ್ಲಿ ಇಟ್ಟು ಹೋಗಿದ್ದಾರೆ. ಅದು ಐಬಿಎಂ 1401ರದ್ದು, ಭಾಷೆ ಆಟೋಕೋಡರ್, ಸಂಬಳದ ಲೆಕ್ಕವಿರಬೇಕು. 1401ಕ್ಕೆ ಹರ್ಕ್ಯುಲಿಸ್ ನಡೆಯುವುದಿಲ್ಲ, ಸಿಮ್‌ಎಚ್ ಎಂಬ ಬೇರೊಂದು ಎಮ್ಯುಲೇಟರ್ ಬೇಕು. ನನಗೆ ಆಟೋಕೋಡರ್ ಬಾರದು. ಬಲ್ಲವರು ಬೆಂಗಳೂರು, ಮೈಸೂರಿನ ಕಡೆ ಯಾರಾದರೂ ಇದ್ದರೆ ಮನೆಗೆ ಬನ್ನಿ. ಬೆಳಕಿನ ಹಲಗೆ, ಚೌಕಟ್ಟು, ಸ್ಕ್ರಿಪ್ಟ್ ಎಲ್ಲ ಸಿದ್ಧವಿದೆ. ಆ ಪೆಟ್ಟಿಗೆಯ ರಬ್ಬರ್ ಬ್ಯಾಂಡುಗಳನ್ನು ಅವರ ಮಗ ಆಗಲೇ ಎಳೆದಾಗಿದೆ.